ಮಿನಿ ವುಡ್ ಲೇಥ್, ಎಂಟು ತಿಂಗಳು ಓಡಿಸಿದ ಮೇಲೆ

ಮರ ಕಡೆಯೋದನ್ನ ಹವ್ಯಾಸಕ್ಕೆ ಕಲೀಬೇಕು ಅಂತ ತಗೊಂಡಿದ್ದು, ಟೇಬಲ್ ಮೇಲೆ ಕೂರೋ ಚಿಕ್ಕ ಲೇಥ್ (ಮರ ತಿರುಗಿಸಿ ಕಡೆಯೋ ಮೆಷಿನ್), ಸ್ವಿಂಗ್ ಅಂದ್ರೆ ಹಾಕಬಹುದಾದ ಮರದ ಅತಿ ಹೆಚ್ಚು ಅಗಲ 10 ಇಂಚು, ಅರ್ಧ ಎಚ್‌ಪಿ ಮೋಟರ್. ಹೆಚ್ಚುಕಮ್ಮಿ ಪ್ರತಿ ಭಾನುವಾರ ಓಡಿಸಿದೀನಿ.

ಬಂದ ದಿನ ಮೊದ್ಲು ನೋಡಿದ್ದು ಹೆಡ್‌ಸ್ಟಾಕ್ (ಮರ ತಿರುಗಿಸೋ ಕಡೆ) ಮೊನೆ, ಟೇಲ್‌ಸ್ಟಾಕ್ (ಎದುರಿಂದ ಒತ್ತಿ ಹಿಡಿಯೋ ಕಡೆ) ಮೊನೆ ಎದುರುಬದುರು ಸರಿಯಾಗಿ ಕೂಡತ್ತಾ ಅಂತ, ಇದರಲ್ಲಿ ಕೂದಲೆಳೆ ವ್ಯತ್ಯಾಸ ಇಲ್ಲ, ತುಂಬಾ ಖುಷಿಯಾಯ್ತು. ತಿರುಗೋ ದಂಡ ಅಂದ್ರೆ ಸ್ಪಿಂಡಲ್‌ನ ಥ್ರೆಡ್ 1 ಇಂಚು 8 ಟಿಪಿಐ (ಇಂಚಿಗೆ 8 ಸುತ್ತು), ಒಳಗಡೆ ಎಂಟಿ2 ಟೇಪರ್ (ಮೊನೆ ಕೂರಿಸೋ ಇಳಿಜಾರು ತೂತು), ಎರಡೂ ಸಾಮಾನ್ಯವಾಗಿ ಸಿಗೋ ಅಳತೆ, ಹಾಗಾಗಿ ಮರ ಕಚ್ಚಿ ಹಿಡಿಯೋ ಚಕ್ ಬೇರೆ ಕಂಪನಿದು ತಂದ್ರೂ ಕೂರತ್ತೆ.

ಬೇಜಾರಾಗಿದ್ದು ಸ್ಪೀಡ್ ವಿಷಯದಲ್ಲಿ. ಅತಿ ಕಮ್ಮಿ ಅಂದ್ರೆ 750 ಆರ್‌ಪಿಎಂ, ಅದಕ್ಕಿಂತ ಕೆಳಗೆ ಇಳಿಯಲ್ಲ. ಇಂಚಲ್ಲಿ ಅಗಲ ಎಷ್ಟೋ ಅದನ್ನ ಆರ್‌ಪಿಎಂಗೆ ಗುಣಿಸಿದ್ರೆ 6000ದಿಂದ 9000 ಒಳಗಿರಬೇಕು ಅಂತ ಕಡೆಯೋರು ಒಂದು ಲೆಕ್ಕ ಇಟ್ಕೊಂಡಿರ್ತಾರೆ, ಆ ಲೆಕ್ಕದಲ್ಲಿ 8 ಇಂಚಿನ ಬಟ್ಟಲಿಗೆ 750 ಸರಿನೇ, ಆದ್ರೆ ಅದು ಗುಂಡಗಾದ ಮರಕ್ಕೆ, ನಾನು ಹಾಕಿದ್ದು ಮೂಲೆ ಇನ್ನೂ ಹೋಗದ, ಒಂದು ಕಡೆ ಭಾರ ಇದ್ದ ತುಂಡು, ಸ್ವಿಚ್ ಹಾಕಿದ ತಕ್ಷಣ ಟೇಬಲ್ಲೇ ಜಾಗ ಬಿಟ್ಟು ಸರಿಯೋಕೆ ಶುರುವಾಯ್ತು, ಎದೆ ಧಸಕ್ ಅಂತು. ಈಗ ಮೂಲೆಗಳನ್ನ ಗರಗಸದಲ್ಲಿ ಪೂರ್ತಿ ತೆಗೆದು, ಟೇಲ್‌ಸ್ಟಾಕ್ ಒತ್ತು ಕೊಟ್ಟು, ಕೈಯಲ್ಲಿ ಒಂದು ಸುತ್ತು ತಿರುಗಿಸಿ ಉಳಿ ಆನಿಸೋ ಟೂಲ್ ರೆಸ್ಟ್‌ಗೆ ತಾಗಲ್ಲ ಅಂತ ನೋಡ್ಕೊಂಡೇ ಆನ್ ಮಾಡ್ತೀನಿ. ಟೇಬಲ್ ಕೆಳಗಡೆ ಎರಡು ಮರಳು ಮೂಟೆ ಇಟ್ಟ ಮೇಲೆ ಅದುರೋದು ಎಷ್ಟೋ ಕಮ್ಮಿ ಆಗಿದೆ. ಫೇಸ್ ಶೀಲ್ಡ್ ಇಲ್ದೆ ಅಂತೂ ಹತ್ರನೇ ಹೋಗ್ಬೇಡಿ.

ಜೊತೆಗೆ ಬಂದ ಉಳಿಗಳು ಕಾರ್ಬನ್ ಸ್ಟೀಲ್, ಸಾಣೆ ಹಿಡಿಯುವಾಗ ಸ್ವಲ್ಪ ಬಿಸಿಯಾಗಿ ಅಂಚು ನೀಲಿಗೆ ತಿರುಗಿದ್ರೆ ಗಡಸುತನ ಹೋಯ್ತು ಅಂತಲೇ ಲೆಕ್ಕ. ಎಚ್‌ಎಸ್‌ಎಸ್ (ಬಿಸಿಯಾದ್ರೂ ಬೇಗ ಗಡಸುತನ ಬಿಡದ ಹೈ ಸ್ಪೀಡ್ ಸ್ಟೀಲ್) ಬೌಲ್ ಗೌಜ್, ಅಂದ್ರೆ ಬಟ್ಟಲು ಕಡೆಯೋ ಉಳಿ, ಒಂದು ತಗೊಂಡೆ ನೋಡಿ, ಅಲ್ಲಿಂದ ನಿಜವಾದ ಕಲಿಕೆ ಶುರು. ಉಳಿಯ ಇಳಿಜಾರು ಭಾಗ ಮೊದ್ಲು ಮರಕ್ಕೆ ತಾಗಿಸಿ, ಹಿಡಿಯನ್ನ ನಿಧಾನಕ್ಕೆ ಎತ್ತುತ್ತಾ ಬಂದ್ರೆ ಒಂದು ಹಂತದಲ್ಲಿ ಅಂಚು ತಾನಾಗೇ ಕಚ್ಚಿ ಸುರುಳಿ ಸುರುಳಿ ಸಿಪ್ಪೆ ಹಾರತ್ತೆ, ಆ ಸದ್ದು ಕೇಳೋಕೆ ಎಷ್ಟು ಚೆನ್ನಾಗಿರತ್ತೆ! ಸಿಪ್ಪೆ ಬದಲು ಪುಡಿ ಬರ್ತಿದ್ರೆ ಒತ್ತಬೇಡಿ, ಮೆಷಿನ್ ನಿಲ್ಲಿಸಿ ಸಾಣೆ ಹಿಡೀರಿ. ಹಾಗೇ ಸೆಟ್‌ನಲ್ಲಿರೋ ಅಗಲದ ಸ್ಪಿಂಡಲ್ ರಫಿಂಗ್ ಗೌಜ್ (ಉದ್ದ ತುಂಡನ್ನ ಗುಂಡಗೆ ಮಾಡೋ ಉಳಿ) ಅನ್ನ ಬಟ್ಟಲಿಗೆ ಹಾಕ್ಲೇಬೇಡಿ, ಅದರ ಬುಡ ಸಪೂರ, ಸಿಕ್ಕಾಕೊಂಡ್ರೆ ಮುರಿಯತ್ತೆ.

ಪೆನ್ನು, ಉಳಿ ಹಿಡಿ, ಬುಗುರಿ, ಚಿಕ್ಕ ಡಬ್ಬಿ ಮಾಡೋರಿಗೆ ಕಣ್ಮುಚ್ಚಿ ತಗೊಳ್ಳಿ ಅಂತೀನಿ. ಬಟ್ಟಲೇ ನಿಮ್ಮಾಸೆ ಅಂದ್ರೆ 500ಕ್ಕಿಂತ ಕೆಳಗೆ ಇಳಿಯೋ ಮಾಡೆಲ್ ಹುಡುಕಿ. ಐದಕ್ಕೆ ನಾಲ್ಕು ಸ್ಟಾರ್, ಒಂದು ಕಳೆದಿದ್ದು ಆ 750ಕ್ಕೆ.