ಸಿಲೆಬಲ್ಲೋ, ಬಿಡಿ ಧ್ವನಿಯೋ?

ಮಾತಿನ ಮೇಲೆ ಅಧ್ಯಯನ ಶುರುಮಾಡುವವರಿಗೆ ಈ ಆಯ್ಕೆ ಬೇಗನೇ ಎದುರಾಗುತ್ತದೆ. ಮಾತನ್ನು ಸಿಲೆಬಲ್ ಲೆಕ್ಕದಲ್ಲಿ ನೋಡಬೇಕಾ, ಬಿಡಿ ಧ್ವನಿಗಳ ಲೆಕ್ಕದಲ್ಲಾ? ಸಿಲೆಬಲ್ ಅಂದ್ರೆ ಒಂದು ಸ್ವರದ ಸುತ್ತ ಒಟ್ಟಿಗೇ ಉಚ್ಚರಿಸುವ ತುಣುಕು. ‘ನೀರು’ ಪದದಲ್ಲಿ ‘ನೀ’, ‘ರು’ ಎರಡು ಸಿಲೆಬಲ್; ‘ನ್’, ‘ಈ’, ‘ರ್’, ‘ಉ’ ಬಿಡಿ ಧ್ವನಿಗಳು.

ಉಚ್ಚಾರಣೆ ನಿಮ್ಮ ವಿಷಯವಾದರೆ ನನ್ನ ಓಟು ಸಿಲೆಬಲ್‌ಗೆ. ‘ಕೀ’ ಅನ್ನಿ, ಆಮೇಲೆ ‘ಕೂ’ ಅನ್ನಿ. ಎರಡನೆಯದರಲ್ಲಿ ‘ಕ್’ ಹೊರಡುವ ಮೊದಲೇ ತುಟಿ ದುಂಡಗಾಗಿರುತ್ತದೆ. ನಾಲಿಗೆ ತಾಗುವ ಜಾಗವೂ ಹಿಂದಕ್ಕೆ ಸರಿದಿರುತ್ತದೆ. ಅಂದ್ರೆ ವ್ಯಂಜನ, ಸ್ವರ ಎರಡೂ ಒಟ್ಟಿಗೇ ತಯಾರಾಗುತ್ತವೆ. ಪದೇ ಪದೇ ಬಳಸುವ ಸಿಲೆಬಲ್‌ಗಳ ಚಲನೆ ಮಿದುಳಿನಲ್ಲಿ ಸಿದ್ಧವಾಗಿಯೇ ಇರುತ್ತದೆ ಎಂಬುದು ಭಾಷಾ ಮನೋವಿಜ್ಞಾನಿ ವಿಲೆಮ್ ಲೆವೆಲ್ಟ್ ಅವರ ವಾದ.

ಆದರೆ ಬಾಯಿತಪ್ಪುಗಳನ್ನು ನೋಡಿದರೆ ಬಿಡಿ ಧ್ವನಿಯನ್ನು ಸುಮ್ನೆ ತಳ್ಳಿಹಾಕಲು ಆಗುವುದಿಲ್ಲ. ‘ಬಿಸಿ ನೀರು’ ಹೋಗಿ ‘ನಿಸಿ ಬೀರು’ ಆಯಿತು ಅನ್ನಿ. ಅದಲುಬದಲಾದದ್ದು ‘ಬ್’, ‘ನ್’ ಮಾತ್ರ. ಮಜಾ ಏನಂದ್ರೆ, ಸಿಲೆಬಲ್‌ನ ಆರಂಭದ ಧ್ವನಿ ಸಾಮಾನ್ಯವಾಗಿ ಇನ್ನೊಂದರ ಆರಂಭಕ್ಕೇ ಹೋಗಿ ಕೂರುತ್ತದೆ. ಕೊನೆಗೆ ಹೋಗುವುದು ಅಪರೂಪ.

ಕೇಳುವಿಕೆಯ ಅಧ್ಯಯನಕ್ಕೆ ಮೊದಲು ಭಾಷೆ ಯಾವುದು ಅಂತ ನೋಡಿ. 1981ರಲ್ಲಿ ಮನೋವಿಜ್ಞಾನಿ ಜಾಕ್ ಮೆಲೇರ್ ಮತ್ತು ಸಂಗಡಿಗರು, ಪದ ಕೇಳುವಾಗ ಅದರೊಳಗಿನ ತುಣುಕನ್ನು ಎಷ್ಟು ಬೇಗ ಗುರುತಿಸುತ್ತಾರೆ ಅಂತ ಫ್ರೆಂಚ್ ಕೇಳುಗರನ್ನು ಪರೀಕ್ಷಿಸಿದರು. ‘ಪಾ’ ಎಂಬ ತುಣುಕು ‘ಪಾ-ಲಾಸ್’ನಲ್ಲಿ ಬೇಗ ಸಿಕ್ಕಿತು, ‘ಪಾಲ್’ ಎಂಬುದು ‘ಪಾಲ್-ಮಿಯೇ’ಯಲ್ಲಿ. ಸಿಲೆಬಲ್‌ನ ಗಡಿಗೆ ಸರಿಹೊಂದಿದಾಗ ಕಿವಿ ಚುರುಕು. ಇಂಗ್ಲಿಷ್ ಮಾತಾಡುವವರಲ್ಲಿ ಮಾತ್ರ 1986ರ ಪ್ರಯೋಗದಲ್ಲಿ ಈ ವ್ಯತ್ಯಾಸ ಕಾಣಲಿಲ್ಲ.

ಇನ್ನು ಚಿಕ್ಕ ಮಕ್ಕಳ ಜೊತೆ ಕೆಲಸ ಮಾಡುವವರು ಜಾಸ್ತಿ ಯೋಚಿಸಬೇಕಿಲ್ಲ, ಸಿಲೆಬಲ್‌ನಿಂದಲೇ ಶುರುಮಾಡಿ. ಪದವನ್ನು ಸಿಲೆಬಲ್‌ಗೊಂದು ಚಪ್ಪಾಳೆಯಂತೆ ಒಡೆಯುವುದು ಅವರಿಗೆ ಬೇಗ ಬರುತ್ತದೆ, ಬಿಡಿ ಧ್ವನಿ ಎಣಿಸುವುದು ತಡವಾಗಿ.