ಮಣ್ಣೆತ್ತಿಗೆ ಹೋಗಿ, ಬೀಜದ ಪೆಟ್ಟಿಗೆ ಕೊಳ್ಳಬೇಡಿ: ಧಾರವಾಡದ ಒಂದು ಕರಕುಶಲ ಮಳಿಗೆಯಲ್ಲಿ ಮೂರು ಭಾನುವಾರ

ಧಾರವಾಡದ ಹಳೆಯ ಬಡಾವಣೆಯೊಂದರಲ್ಲಿ, ಹೆಂಚಿನ ಮನೆಯ ಪಡಸಾಲೆಯನ್ನು ಅಂಗಡಿಯಾಗಿಯೂ ಹಿತ್ತಲನ್ನು ಕಲಿಕೆಯ ಜಾಗವಾಗಿಯೂ ಮಾಡಿಕೊಂಡಿರುವ ಒಂದು ಕರಕುಶಲ ಮಳಿಗೆ ಇದೆ. ಪಡಸಾಲೆಯಲ್ಲಿ ಮಣ್ಣು, ಬೀಜ, ಕಟ್ಟಿಗೆ, ಬಟ್ಟೆಗಳಿಂದ ಮಾಡಿದ ಆಟಿಕೆಗಳನ್ನೂ, ಮನೆಯಲ್ಲಿ ಕೂತು ಮಾಡಿಕೊಳ್ಳುವ ಸಾಮಗ್ರಿಯ ಪೆಟ್ಟಿಗೆಗಳನ್ನೂ ಮಾರುತ್ತಾರೆ. ಹಿತ್ತಲಿನಲ್ಲಿ ಪ್ರತಿ ಭಾನುವಾರ ಬೆಳಿಗ್ಗೆ ಹತ್ತರಿಂದ ಹನ್ನೆರಡೂವರೆಯವರೆಗೆ ಮಕ್ಕಳಿಗೆ, ಮನೆಯವರ ಜೊತೆಯಲ್ಲೇ ಕೂಡಿಸಿ, ಕೈಕೆಲಸ ಕಲಿಸುತ್ತಾರೆ. ಮಗುವೊಂದಕ್ಕೆ 350 ರೂಪಾಯಿ. ಜೊತೆಗೆ ಬರುವ ದೊಡ್ಡವರಿಗೆ ಶುಲ್ಕವಿಲ್ಲ, ಆದರೆ ಅವರೂ ಕೈ ಕೆಸರು ಮಾಡಿಕೊಳ್ಳಲೇಬೇಕು ಎಂಬುದು ಅಲ್ಲಿಯ ಕಟ್ಟಳೆ. ನನ್ನ ಒಂಬತ್ತು ವರ್ಷದ ಮಗಳು, ಐದು ವರ್ಷದ ಮಗ, ನವಲಗುಂದ ತಾಲೂಕಿನ ಹಳ್ಳಿಯಿಂದ ಬಂದಿದ್ದ ನಮ್ಮ ಅತ್ತೆ ಮತ್ತು ನಾನು, ಹೀಗೆ ನಾಲ್ವರು ಜೂನ್ ತಿಂಗಳಲ್ಲಿ ಮೂರು ಭಾನುವಾರಗಳನ್ನು ಅಲ್ಲಿ ಕಳೆದೆವು. ಮಳಿಗೆಯ ಹೆಸರನ್ನು ಬರೆಯುತ್ತಿಲ್ಲ. ಮುಂದೆ ಹೇಳಲಿರುವ ತಕರಾರುಗಳು ಇಂತಹ ಬೇರೆ ಅಂಗಡಿಗಳಿಗೂ ಸಲ್ಲುತ್ತವೆ ಎಂಬುದು ಒಂದು ಕಾರಣ; ಬಹಳಷ್ಟು ಒಳ್ಳೆಯ ಕೆಲಸ ಮಾಡುತ್ತಿರುವವರನ್ನು ಒಂದು ಪೆಟ್ಟಿಗೆಯ ಸಲುವಾಗಿ ಊರೆಲ್ಲ ಆಡಿಕೊಳ್ಳುವುದು ಬೇಡ ಎಂಬುದು ಇನ್ನೊಂದು.

ಮೊದಲ ಭಾನುವಾರ ಮಣ್ಣೆತ್ತಿನದು. ಜ್ಯೇಷ್ಠದ ಅಮಾವಾಸ್ಯೆಗೆ ನಮ್ಮ ಕಡೆ ಮಣ್ಣಿನ ಎತ್ತು ಮಾಡಿ ಪೂಜಿಸುವುದು ಎಲ್ಲರಿಗೂ ಗೊತ್ತಿರುವ ಹಬ್ಬವೇ ಆದರೂ, ನನ್ನ ಮಕ್ಕಳ ಪಾಲಿಗೆ ಎತ್ತು ಎಂದರೆ ಮಾರ್ಕೆಟ್ಟಿನಲ್ಲಿ ಜೋಡಿಯ ಲೆಕ್ಕದಲ್ಲಿ ಸಿಗುವ, ಅಚ್ಚಿನಲ್ಲಿ ಒತ್ತಿ ಬಣ್ಣ ಬಳಿದ ವಸ್ತು. ಇಲ್ಲಿ ಹಾಗಲ್ಲ. ಹಿತ್ತಲಿನ ಕಟ್ಟೆಯ ಮೇಲೆ ಎರಡು ಬುಟ್ಟಿ ಮಣ್ಣು ಇಟ್ಟಿದ್ದರು: ಒಂದರಲ್ಲಿ ಕಲಘಟಗಿ ಕಡೆಯ ಕೆಂಪು ಮಸಾರಿ, ಇನ್ನೊಂದರಲ್ಲಿ ನವಲಗುಂದದ ಕಡೆಯ ಕಪ್ಪು ಎರೆ ಮಣ್ಣು. ಮಲೆನಾಡಿನ ಸೆರಗೂ ಬಯಲುಸೀಮೆಯ ಅಂಚೂ ಕೂಡುವ ಊರಿನಲ್ಲಿ ಇದ್ದುಕೊಂಡು, ಪಶ್ಚಿಮಕ್ಕೆ ಹೋದರೆ ಮಣ್ಣು ಕೆಂಪಾಗುತ್ತದೆ, ಪೂರ್ವಕ್ಕೆ ಹೋದರೆ ಕಪ್ಪಾಗುತ್ತದೆ ಎಂಬುದನ್ನು ನಾನು ಮಕ್ಕಳಿಗೆ ಒಮ್ಮೆಯೂ ಹೇಳಿರಲಿಲ್ಲ. ಕಲಿಸುವವರು ವೃತ್ತಿಯಿಂದ ಕುಂಬಾರರು, ಅರವತ್ತು ದಾಟಿದವರು. ಮಕ್ಕಳೆಲ್ಲ ಅವರನ್ನು ಕಾಕಾ ಎನ್ನುತ್ತಾರೆ. ಅವರು ಉಪನ್ಯಾಸ ಮಾಡಲಿಲ್ಲ. ಹಿಂದಿನ ವಾರ ಮಾಡಿಟ್ಟಿದ್ದ ಎರಡು ಒಣ ಉಂಡೆಗಳನ್ನು ಮಕ್ಕಳ ಕೈಗೆ ಕೊಟ್ಟರು, ಅಷ್ಟೇ. ಮಸಾರಿಯ ಉಂಡೆ ಅಂಚಿನಲ್ಲಿ ಪುಡಿಪುಡಿಯಾಗಿ ಉದುರುತ್ತಿತ್ತು. ಎರೆಯ ಉಂಡೆ ಕಲ್ಲಿನಂತಾಗಿ, ನಡುವೆ ಬೆರಳಿನ ಉಗುರು ಹೋಗುವಷ್ಟು ಬಿರಿದಿತ್ತು. ಎರೆ ಮಣ್ಣು ನೀರು ಕುಡಿದಾಗ ಉಬ್ಬುತ್ತದೆ, ಒಣಗುವಾಗ ಕುಗ್ಗುತ್ತದೆ, ಕುಗ್ಗಿದಾಗ ಬಿರಿಯುತ್ತದೆ. ಬೇಸಿಗೆಯ ಎರೆ ಹೊಲದಲ್ಲಿ ನಡೆದವರಿಗೆ ಇದನ್ನು ವಿವರಿಸಬೇಕಾಗಿಲ್ಲ. ಎರಡನ್ನೂ ಕೂಡಿಸಿ, ಜರಡಿ ಹಿಡಿದ ಒಣ ಸಗಣಿಯ ಪುಡಿಯನ್ನು ಒಂದು ಹಿಡಿ ಬೆರೆಸಿ, ಹಿಂದಿನ ರಾತ್ರಿಯೇ ನೆನೆಹಾಕಿಟ್ಟ ಮಣ್ಣನ್ನು ಆಮೇಲೆ ಕೊಟ್ಟರು. ಅತ್ತೆ ಅದನ್ನು ಒಮ್ಮೆ ಹಿಚುಕಿ ನೋಡಿ, "ಇನ್ನೊಂದ ಸ್ವಲ್ಪ ತುಳೀಬೇಕಿತ್ರೀ" ಎಂದರು. ಕಾಕಾ ಒಪ್ಪಿಕೊಂಡು, "ಹೌದ್ರೀ ಅವ್ವಾರ, ನಿನ್ನೆ ಮಳಿ ಹಿಡಿಸಿಬಿಡ್ತು" ಎಂದು ಮತ್ತೆ ಕಲಸತೊಡಗಿದರು. ಶುಲ್ಕ ಕೊಟ್ಟು ಬಂದ ಜಾಗದಲ್ಲಿ ಇಂತಹ ಮಾತುಕತೆ ನಡೆಯುವುದು ಅಪರೂಪ.

ಮಗಳ ಎತ್ತು ಮೊದಲ ಅರ್ಧ ಗಂಟೆಯಲ್ಲೇ ಕಾಲು ಕಳಚಿಕೊಂಡಿತು. ಅವಳು ಅಳುವ ಧ್ವನಿಯಲ್ಲಿ "ಕಾಕಾ, ನಂದು ಎತ್ತಿನ ಕಾಲ್ ಬಿತ್ರೀ" ಎಂದಳು. ಅವರು ತಲೆ ಎತ್ತದೆಯೇ, "ಬೀಳವಲ್ದ್ಯಾಕ ತಂಗಿ, ಕುಂಟೆತ್ತು ಆತು. ಊರಾಗ ಕುಂಟೆತ್ತಿಗೂ ಜ್ವಾಳ ಹಾಕ್ತಾರ" ಎಂದರು. ಹಬ್ಬದ ಮರುದಿನ ಹುಡುಗರು ಕುಂಟೆತ್ತನ್ನು ಹಿಡಿದು ಮನೆಮನೆಗೆ ಹೋಗಿ ಕಾಳು ಬೇಡುವ ರೂಢಿಯನ್ನು ಅತ್ತೆ ಅಲ್ಲೇ ಕೂತು ಮಕ್ಕಳಿಗೆ ಹೇಳಿದರು. ಆ ಬಳಿಕ ಕಾಕಾ ಕಾಲು ಹಚ್ಚುವ ಬಗೆಯನ್ನು ತೋರಿಸಿದರು: ಕಸಬರಿಗೆಯ ಕಡ್ಡಿಯಿಂದ ಮೈಯ ಕಡೆಗೂ ಕಾಲಿನ ಕಡೆಗೂ ಅಡ್ಡ ಉದ್ದ ಗೀರು ಹಾಕಬೇಕು, ಎರಡಕ್ಕೂ ತೆಳು ರಾಡಿ ಬಳಿಯಬೇಕು, ಒತ್ತಿ ಹಿಡಿದು ಹತ್ತು ಎಣಿಸಬೇಕು. ನುಣುಪಾದ ಎರಡು ಮೈ ಕೂಡಿಸಿದರೆ ಒಣಗಿದ ಮೇಲೆ ಬಿಟ್ಟುಕೊಳ್ಳುವುದು ಖಂಡಿತ. ಮಗಳು ಮೂರು ಕಾಲುಗಳನ್ನು ಹೀಗೆ ಹಚ್ಚಿ, ನಾಲ್ಕನೆಯದನ್ನು ಬೇಕೆಂದೇ ಬಿಟ್ಟಳು. ಮಗ ಎತ್ತನ್ನು ಕೈಬಿಟ್ಟು ಗ್ವಾದಲಿ, ಎಂದರೆ ಎತ್ತು ಮೇವು ತಿನ್ನುವ ತೊಟ್ಟಿ, ಮಾಡುತ್ತ ಕೂತ. ಅವನ ಗ್ವಾದಲಿಯಲ್ಲಿ ಎತ್ತಿಗಿಂತ ಹೆಚ್ಚಾಗಿ ಅವನ ಮೊಣಕೈಯೇ ಇತ್ತು. ಅತ್ತೆಯವರು ಉಳಿದ ಮಣ್ಣಿನಲ್ಲಿ, ಆಷಾಢಕ್ಕೆ ಇನ್ನೂ ದಿನವಿದ್ದರೂ, ಆ ತಿಂಗಳಲ್ಲಿ ಪೂಜಿಸುವ ಮಣ್ಣಿನ ದೇವಿ ಗುಳ್ಳವ್ವನನ್ನು ಮಾಡಿ ಕುಸುಬಿಯ ಕಾಳು ಹಚ್ಚಿದರು. ಸುತ್ತಲಿನ ನಾಲ್ಕೈದು ತಾಯಂದಿರು ತಮ್ಮ ಮಕ್ಕಳನ್ನು ಬಿಟ್ಟು ಅವರ ಸುತ್ತ ಸೇರಿದ್ದನ್ನು ಇಲ್ಲಿ ದಾಖಲಿಸಲೇಬೇಕು.

ಕೊರತೆ ಇಲ್ಲವೆಂದಲ್ಲ. ಆ ದಿನ ಹದಿನಾಲ್ಕು ಮಕ್ಕಳಿದ್ದರು, ಕಲಿಸುವವರು ಒಬ್ಬರು, ಸಹಾಯಕಿ ಒಬ್ಬಳು. ಎಂಟು ಮಕ್ಕಳಿಗೆ ಮೀರಿ ಸೇರಿಸಿಕೊಳ್ಳಬಾರದು ಎಂಬುದು ನನ್ನ ಅಭಿಪ್ರಾಯ. ಕೈ ತೊಳೆಯಲು ಒಂದೇ ನಳ. ಮನೆಗೆ ಒಯ್ಯಲು ಕೊಟ್ಟ ರಟ್ಟಿನ ತಟ್ಟೆ ಹಸಿ ಮಣ್ಣಿನ ಭಾರಕ್ಕೆ ಆಟೋದಲ್ಲೇ ಬಾಗಿತು. ಸ್ಟೀಲಿನ ತಾಟೊಂದನ್ನು ನೀವೇ ಒಯ್ಯಿರಿ. ಜೂನಿನ ಜಿಟಿಜಿಟಿ ಮಳೆಯಲ್ಲಿ ನಮ್ಮ ಎತ್ತು ನೆರಳಿನಲ್ಲಿ ಒಣಗಲು ಒಂಬತ್ತು ದಿನ ತೆಗೆದುಕೊಂಡಿತು. ಬೇಗ ಒಣಗಲಿ ಎಂದು ಬಿಸಿಲಿಗೋ ಫ್ಯಾನಿನ ಕೆಳಗೋ ಇಟ್ಟವರ ಎತ್ತುಗಳು ಕುತ್ತಿಗೆಯ ಬಳಿ ಬಿರಿದವು ಎಂದು ಮುಂದಿನ ವಾರ ತಿಳಿಯಿತು. ಮೇಲ್ಮೈ ಒಳಗಿಗಿಂತ ಬೇಗ ಒಣಗಿದರೆ ಹಾಗಾಗುತ್ತದೆ. ಇದನ್ನು ಹೊರಡುವಾಗಲೇ ಎಲ್ಲರಿಗೂ ಹೇಳಿ ಕಳಿಸಬಹುದಿತ್ತು.

ಎರಡನೆಯ ಭಾನುವಾರ ಎಲೆಯ ಅಚ್ಚು. ಪಟಿಕದ ನೀರಿನಲ್ಲಿ ಅದ್ದಿ ಒಣಗಿಸಿದ ಬಟ್ಟೆಯ ಮೇಲೆ ಹಸಿ ಎಲೆಗಳನ್ನು ಹರಡಿ, ಮೇಲೊಂದು ಬಟ್ಟೆ ಮುಚ್ಚಿ, ಗುಂಡುಕಲ್ಲಿನಿಂದ ಮೆಲ್ಲಗೆ ಗುದ್ದುವುದು ಕೆಲಸ. ಮಕ್ಕಳಿಗೆ ಗುದ್ದುವುದು ಎಂದರೆ ಸಾಕು, ಬೇರೆ ಪ್ರೋತ್ಸಾಹ ಬೇಕಿಲ್ಲ. ಸಾಗವಾನಿಯ ಎಳೆ ಎಲೆ ಹಸಿರಾಗಿದ್ದರೂ ಉಜ್ಜಿದಾಗ ಅಂಗೈಯನ್ನು ರಕ್ತದಂತೆ ಕೆಂಪು ಮಾಡುವುದನ್ನು ಕಂಡು ನನ್ನ ಮಗ ಮೊದಲು ಹೆದರಿ, ಆಮೇಲೆ ಇಡೀ ಮುಖಕ್ಕೆ ಬಳಿದುಕೊಂಡ. ಅರಿಶಿಣದ ಹಳದಿಗೆ ಸೋಪಿನ ನೀರು ತಾಗಿಸಿದರೆ ಆರತಿಯ ನೀರಿನಂತೆ ಕೆಂಪಾಗುವುದನ್ನೂ ತೋರಿಸಿದರು. ಇಷ್ಟೆಲ್ಲ ಚೆನ್ನಾಗಿತ್ತು. ಕೆಟ್ಟದ್ದು ಬಟ್ಟೆ. ಖಾದಿ ಎಂದು ಹೇಳಿ ಕೊಟ್ಟ ಕೈವಸ್ತ್ರದ ಮೇಲೆ ಮಗಳ ನುಗ್ಗೆ ಎಲೆ ಮೂಡಲೇ ಇಲ್ಲ. ಪಕ್ಕದ ಹುಡುಗಿ ಮನೆಯಿಂದ ತಂದಿದ್ದ ಹಳೆಯ ಪಂಚೆಯ ತುಂಡಿನ ಮೇಲೆ ನರನರವೂ ಮೂಡಿತ್ತು. ಅತ್ತೆ ಮನೆಗೆ ಬಂದು ಕೈವಸ್ತ್ರದ ಅಂಚಿನಿಂದ ಒಂದು ಎಳೆ ಕಿತ್ತು ಒಲೆಯ ಉರಿಗೆ ಹಿಡಿದರು. ಅದು ಬೂದಿಯಾಗುವ ಬದಲು ಕರಗಿ, ತುದಿಯಲ್ಲಿ ಗಟ್ಟಿ ಮಣಿಯಾಯಿತು. ಹತ್ತಿಯ ಎಳೆ ಕಾಗದದಂತೆ ಉರಿದು ಬೂದಿಯಾಗುತ್ತದೆ, ಪಾಲಿಯೆಸ್ಟರ್ ಕರಗಿ ಮಣಿಗಟ್ಟುತ್ತದೆ. ಗಿಡಮೂಲದ ಬಣ್ಣ ಹತ್ತಿಗೇ ಕಷ್ಟಪಟ್ಟು ಹಿಡಿಯುವಂಥದ್ದು. ಅದಕ್ಕಾಗಿಯೇ ಅಳಲೆಕಾಯಿ, ಪಟಿಕಗಳ ಉಪಚಾರ. ಪಾಲಿಯೆಸ್ಟರಿಗೆ ಅದು ತಾಗುವುದೇ ಇಲ್ಲ ಎನ್ನಬಹುದು. ಗರಗದಲ್ಲಿಯೂ ಹುಬ್ಬಳ್ಳಿಯ ಬೆಂಗೇರಿಯಲ್ಲಿಯೂ ರಾಷ್ಟ್ರಧ್ವಜಕ್ಕೆ ಖಾದಿ ಸಿದ್ಧವಾಗುವ ಜಿಲ್ಲೆಯಲ್ಲಿ, ಖಾದಿ ಎಂದು ಹೇಳಿ ಮಿಶ್ರ ಬಟ್ಟೆ ಕೊಡುವುದಕ್ಕೆ ಯಾವ ನೆಪವೂ ಒಪ್ಪತಕ್ಕದ್ದಲ್ಲ. ಮಾಲೀಕರಿಗೆ ಹೇಳಿದಾಗ, ಸರಬರಾಜು ಮಾಡಿದವರು ಮೋಸ ಮಾಡಿದ್ದಾರೆ ಎಂದು ಒಪ್ಪಿಕೊಂಡು ಎರಡು ಹತ್ತಿಯ ತುಂಡುಗಳನ್ನು ಉಚಿತವಾಗಿ ಕೊಟ್ಟರು. ಅದನ್ನು ನಾನು ಅವರ ಲೆಕ್ಕಕ್ಕೆ ಜಮೆ ಮಾಡುತ್ತೇನೆ.

ಮೂರನೆಯ ವಾರ ಜೋಳದ ದಂಟಿನ ಬಂಡಿ. ಹಿಂಗಾರಿ ಜೋಳ ಕೊಯ್ದು ಒಟ್ಟಿದ ಕಣಿಕಿಯನ್ನು ನೀರು ಚಿಮುಕಿಸಿ ಮೆತ್ತಗೆ ಮಾಡಿ, ಸಿಪ್ಪೆ ಸುಲಿದು, ಒಳಗಿನ ಬೆಂಡನ್ನು ತುಂಡರಿಸಿ, ಸಿಪ್ಪೆಯ ಚೂಪನ್ನೇ ಮೊಳೆಯಾಗಿ ಚುಚ್ಚಿ ಜೋಡಿಸುವುದು. ಅಂಟು ಬೇಡ, ದಾರ ಬೇಡ, ಮುರಿದರೆ ದನದ ಬಾಯಿಗೆ. ಸಿಪ್ಪೆಯ ಅಂಚು ಬ್ಲೇಡಿನಂತೆ ಕುಯ್ಯುತ್ತದೆ. ಐದು ವರ್ಷದವರಿಗೆ ಸುಲಿದು ಕೊಡುವುದು ಲೇಸು. ಅಂದು ಬಂದ ಅಪ್ಪಂದಿರು ಮಕ್ಕಳ ಕೈಯಿಂದ ದಂಟು ಕಸಿದುಕೊಂಡು ತಾವೇ ಕನ್ನಡಕ ಮಾಡಿ ಹಾಕಿಕೊಂಡರು.

ಇನ್ನು ಪಡಸಾಲೆಯ ಅಂಗಡಿಗೆ ಬರೋಣ. ಹಿತ್ತಲಿನಲ್ಲಿ ಇರುವ ವಿವೇಕ ಇಲ್ಲಿ ಅರ್ಧದಷ್ಟೂ ಇಲ್ಲ. ಕಟ್ಟಿಗೆಯ ಸಾಮಾನು ಒಳ್ಳೆಯದು: ಹಾಲೆ ಮರದಲ್ಲಿ ಕಡೆದು ಅರಗಿನ ಬಣ್ಣ ಕೊಟ್ಟ ಚನ್ನಪಟ್ಟಣದ ಬುಗುರಿ, ಕಲಘಟಗಿ ತೊಟ್ಟಿಲಿನ ಮಾದರಿಯಲ್ಲಿ ಗೊಂಬೆಗೆಂದು ಮಾಡಿದ ಪುಟ್ಟ ತೊಟ್ಟಿಲು. ಕಸೂತಿಯ ಪೆಟ್ಟಿಗೆಯೂ ಕೊಳ್ಳತಕ್ಕದ್ದೇ; ಮ್ಯಾಟಿ ಬಟ್ಟೆ, ದಪ್ಪ ಸೂಜಿ, ನಾಲ್ಕು ಬಣ್ಣದ ದಾರ, ಗವಂತಿ ಮತ್ತು ಮೆಂತೆ ಹೊಲಿಗೆಯಲ್ಲಿ ತುಳಸಿಕಟ್ಟೆ ಹಾಗೂ ನವಿಲು ತೆಗೆಯುವ ಕ್ರಮ ಎಲ್ಲವೂ ಅದರಲ್ಲಿವೆ. ಎಳೆ ಎಣಿಸಿ, ಗಂಟು ಹಾಕದೆ, ಎರಡೂ ಮಗ್ಗುಲು ಒಂದೇ ರೀತಿ ಕಾಣುವಂತೆ ಹೊಲಿಯುವ ಗವಂತಿ ಒಂಬತ್ತು ವರ್ಷದವಳಿಗೆ ಸುಲಭವಲ್ಲ. ಆದರೂ ಮಗಳು ವಾರವೊಂದರಲ್ಲಿ ತುಳಸಿಕಟ್ಟೆಯ ಮೂರು ಮೆಟ್ಟಿಲು ಮುಗಿಸಿದ್ದಾಳೆ. ಉಳಿದ ಅನೇಕ ಪೆಟ್ಟಿಗೆಗಳು ಮಾತ್ರ ನಿಸರ್ಗದ ಹೆಸರಿನಲ್ಲಿ ಬಿಸಿ ಅಂಟು ಮತ್ತು ಪ್ಲಾಸ್ಟಿಕ್ ಕಣ್ಣು ಮಾರುವಂಥವು. ಸರ್ವೆ ಮರದ ಕಾಯಿಗೆ ಪಿಳಿಪಿಳಿ ಕಣ್ಣು ಅಂಟಿಸಿದರೆ ಗೂಬೆಯಾಗುತ್ತದಂತೆ. ಪಿಸ್ತಾ ಸಿಪ್ಪೆಯ ಕಮಲವೂ ಇದೆ. ಪಿಸ್ತಾಕ್ಕೂ ಧಾರವಾಡದ ನಿಸರ್ಗಕ್ಕೂ ಇರುವ ನಂಟು ಮಿಠಾಯಿ ಅಂಗಡಿಯ ಮೂಲಕ ಬಂದದ್ದು ಮಾತ್ರ.

ನನ್ನ ದೊಡ್ಡ ತಕರಾರು 480 ರೂಪಾಯಿಯ ಬೀಜದ ಪೆಟ್ಟಿಗೆಯ ಬಗ್ಗೆ. ನಾಲ್ಕು ವರ್ಷಕ್ಕೆ ಮೇಲ್ಪಟ್ಟವರಿಗೆ ಎಂದು ಅದರ ಮೇಲೆ ಬರೆದಿದೆ. ಒಳಗೆ ಹುಣಸೆ ಬೀಜ, ಅಂಟವಾಳದ ಬೀಜಗಳ ಜೊತೆಗೆ, ದಾರಕ್ಕೆ ಪೋಣಿಸಲೆಂದು ತೂತು ಕೊರೆದ ಸುಮಾರು ಐವತ್ತು ಗುಲಗಂಜಿಗಳೂ, ಜೀರುಂಡೆಯ ಮೈಯಾಗಲೆಂದು ಒಂದಿಷ್ಟು ಔಡಲದ (ಹರಳಿನ) ಬೀಜಗಳೂ ಇವೆ. ಗುಲಗಂಜಿಯಲ್ಲಿ ಅಬ್ರಿನ್, ಔಡಲದಲ್ಲಿ ರಿಸಿನ್ ಎಂಬ ವಿಷವಿದೆ. ಎರಡೂ ಜೀವಕ್ಕೆ ಎರವಾಗಬಲ್ಲವು. ಗುಲಗಂಜಿಯ ಸಿಪ್ಪೆ ಗಟ್ಟಿಯಾದ್ದರಿಂದ ಇಡಿಯಾಗಿ ನುಂಗಿದ ಬೀಜ ಅನೇಕ ವೇಳೆ ಹಾಗೆಯೇ ಹೊರಬೀಳುತ್ತದೆ, ಆದರೆ ಅಗಿದರೆ ಅಥವಾ ಸಿಪ್ಪೆ ತೂತಾಗಿದ್ದರೆ ಆ ಭರವಸೆ ಉಳಿಯುವುದಿಲ್ಲ. ಪೆಟ್ಟಿಗೆಯಲ್ಲಿ ಎಚ್ಚರಿಕೆಯ ಒಂದು ಸಾಲೂ ಇರಲಿಲ್ಲ. ಮಾಲೀಕರು, "ಅಕ್ಕಾರ, ನಮ್ಮ ಅಜ್ಜಿ ಕಾಲದಿಂದ ಹುಡುಗರು ಇದರಾಗ ಆಡ್ಯಾರಲ್ರೀ" ಎಂದರು. ಉತ್ತರ ಕೊಟ್ಟವರು ಅತ್ತೆ: ಗುಳ್ಳವ್ವನಿಗೆ ತಾವೂ ಗುಲಗಂಜಿ ಹಚ್ಚಿದವರೇ, ಆದರೆ ಇಡೀ ಕಾಳನ್ನು ಮಣ್ಣಿಗೆ ಒತ್ತುತ್ತಿದ್ದರು, ತೂತು ಹಾಕಿ ಕೂಸಿನ ಕೊರಳಿಗೆ ಕಟ್ಟುತ್ತಿರಲಿಲ್ಲ, ಹಚ್ಚಿ ಉಳಿದದ್ದನ್ನು ಅವ್ವ ಎಣಿಸಿ ಡಬ್ಬಿಗೆ ಹಾಕುತ್ತಿದ್ದಳು. ಅಕ್ಕಸಾಲಿಗರ ತಕ್ಕಡಿಯಲ್ಲಿ ಬಂಗಾರ ತೂಗಿದ ಗುಲಗಂಜಿಯೂ ಇಡಿಯಾದದ್ದೇ.

ಕಾನೂನಿನ ಮಾತು ಬೇಕೆನ್ನುವವರಿಗೆ: 2021ರ ಜನವರಿ 1ರಿಂದ ಹದಿನಾಲ್ಕು ವರ್ಷದೊಳಗಿನ ಮಕ್ಕಳ ಆಟಿಕೆಗಳಿಗೆ ಐಎಸ್‌ಐ ಗುರುತು ಕಡ್ಡಾಯವಾಗಿದೆ, ಕರಕುಶಲ ಅಭಿವೃದ್ಧಿ ಆಯುಕ್ತರಲ್ಲಿ ನೋಂದಾಯಿಸಿಕೊಂಡ ಕುಶಲಕರ್ಮಿಗಳು ತಯಾರಿಸಿ ಮಾರುವ ಆಟಿಕೆಗಳಿಗೂ ಭೌಗೋಳಿಕ ಸೂಚಕ, ಎಂದರೆ ಇಂಥ ಊರಿನದೇ ಎಂಬ ಮಾನ್ಯತೆ, ಪಡೆದ ಆಟಿಕೆಗಳಿಗೂ ಅದರಿಂದ ವಿನಾಯಿತಿ ಇದೆ. ಚನ್ನಪಟ್ಟಣದ ಬುಗುರಿಯಂಥವುಗಳಿಗೆ ಆ ವಿನಾಯಿತಿ ಸಿಗುವುದು ನ್ಯಾಯವೇ, ಆದರೆ ಎಲ್ಲಿಂದಲೋ ಬೀಜ ತರಿಸಿ ಪೆಟ್ಟಿಗೆಗೆ ತುಂಬುವುದು ಕುಶಲಕರ್ಮ ಹೇಗಾಗುತ್ತದೆ ಎಂದು ನನಗೆ ಹೊಳೆಯುತ್ತಿಲ್ಲ.

ಆದ್ದರಿಂದ, ಭಾನುವಾರದ ತರಗತಿಗೆ ಮಕ್ಕಳನ್ನೂ, ಸಾಧ್ಯವಾದರೆ ಮನೆಯ ಹಿರಿಯರನ್ನೂ ಕರೆದುಕೊಂಡು ಹೋಗಿ. ಹತ್ತಿಯ ಹಳೆಯ ಬಟ್ಟೆ ನೀವೇ ಒಯ್ಯಿರಿ. ಅಂಗಡಿಯಲ್ಲಿ ಕಟ್ಟಿಗೆ ಮತ್ತು ಕಸೂತಿಯ ಕಡೆಗಷ್ಟೇ ಕೈ ಚಾಚಿ. ಬೀಜದ ಮಾಲೆ ಮಾಡುವ ಆಸೆ ಮಕ್ಕಳಿಗಿದ್ದರೆ, ಹುಣಸೆ ಬೀಜವನ್ನು ಒಂದು ರಾತ್ರಿ ನೆನೆಸಿದರೆ ದಬ್ಬಳಕ್ಕೆ ಮಣಿಯುತ್ತದೆ; ಮೂರು ವರ್ಷದೊಳಗಿನವರ ಕೈಗೆ ಯಾವ ಬೀಜವನ್ನೂ ಕೊಡಬೇಡಿ, ಮೂಗಿಗೆ ಹಾಕಿಕೊಳ್ಳುತ್ತಾರೆ. ನಮ್ಮ ಮೂರು ಕಾಲಿನ ಎತ್ತು ದೇವರ ಮನೆಯ ಗೂಡಿನಲ್ಲಿ ಗೋಡೆಗೆ ಒರಗಿ ನಿಂತಿದೆ. ಕಳೆದ ವಾರ ಕಸೂತಿಯ ದಾರಕ್ಕೆಂದು ಅಂಗಡಿಗೆ ಹೋದಾಗ, ಬೀಜದ ಪೆಟ್ಟಿಗೆಗಳು ಕೆಳಗಿನ ಹಲಗೆಯಿಂದ ಮಕ್ಕಳಿಗೆ ನಿಲುಕದ ಮೇಲಿನ ಹಲಗೆಗೆ ಏರಿದ್ದವು; ಬೆಲೆಯೂ ಒಳಗಿನ ಗುಲಗಂಜಿಯೂ ಹಾಗೆಯೇ ಇದ್ದವು.