ಅಣ್ಣನ ಡಯಾಲಿಸಿಸ್ ನಡೆಯುವ ಟ್ರಸ್ಟ್ ಸೆಂಟರ್: ಎಂಟು ತಿಂಗಳ ಅನುಭವ

ಮೊದಲು ದುಡ್ಡಿನ ವಿಷಯ ಹೇಳಿಬಿಡುತ್ತೇನೆ, ಇದನ್ನು ಓದುವವರಿಗೆ ಮುಖ್ಯವಾಗಿ ಬೇಕಾಗುವುದೂ ಅದೇ. ಇಲ್ಲಿ ಒಂದು ಸಲದ ಡಯಾಲಿಸಿಸ್‌ಗೆ ನಾವು ಕೊಡುತ್ತಿರುವುದು 1,100 ರೂಪಾಯಿ. ಮೊದಲು ಹೋಗುತ್ತಿದ್ದ ದೊಡ್ಡ ಆಸ್ಪತ್ರೆಯಲ್ಲಿ 2,400 ಆಗುತ್ತಿತ್ತು. ವಾರಕ್ಕೆ ಮೂರು ಸಲ, ತಿಂಗಳಿಗೆ ಹೆಚ್ಚುಕಮ್ಮಿ 13 ಸಲ. 31,200 ಎಲ್ಲಿ, 14,300 ಎಲ್ಲಿ!

ಅಣ್ಣನಿಗೆ 52 ವರ್ಷ. ಸುಲ್ತಾನ್‌ಪೇಟೆಯಲ್ಲಿ ಲಗ್ನಪತ್ರಿಕೆ ಪ್ರಿಂಟ್ ಮಾಡುವ ಸಣ್ಣ ಪ್ರೆಸ್ ಇದೆ. ಶುಗರ್, ಬಿಪಿ ಎರಡೂ ಇತ್ತು. ಕಿಡ್ನಿ ಕೆಲಸ ನಿಲ್ಲಿಸಿದೆ ಅಂತ ಗೊತ್ತಾಗುವಷ್ಟರಲ್ಲಿ ತಡವಾಗಿತ್ತು. ದೊಡ್ಡ ಆಸ್ಪತ್ರೆಗೆ ಹೋಗಿದ್ದು ಮೂರೇ ತಿಂಗಳು, ಅಷ್ಟರಲ್ಲಿ ಅತ್ತಿಗೆಯ ಬಳೆ ಅಡವಿಟ್ಟು, ಚೀಟಿ ಎತ್ತಿ, ಪ್ರೆಸ್‌ನ ಪೇಪರ್ ಅಂಗಡಿಯವರ ಹತ್ತಿರ ಸಾಲ ಉಳಿಸಿಕೊಂಡು, ಎಲ್ಲಾ ಆಗಿಹೋಗಿತ್ತು. ನಮಗೆ ಒಂದು ಮಾತೂ ಹೇಳಿರಲಿಲ್ಲ. ಗೌರಿ ಹಬ್ಬಕ್ಕೆ ಹೋದಾಗ ಅತ್ತಿಗೆ ಕೈಯಲ್ಲಿ ಬರೀ ಗಾಜಿನ ಬಳೆ ನೋಡಿ ನಾನೇ ಒತ್ತಾಯ ಮಾಡಿ ಕೇಳಿದೆ. ಅವತ್ತೂ ಅಣ್ಣ ನನಗೆ ಸೀರೆಗೆ ಅಂತ ದುಡ್ಡು ಕೊಡದೆ ಕಳಿಸಲಿಲ್ಲ.

ಹಾಗೆ ಕೊಟ್ಟೇ ಅಭ್ಯಾಸವಾದವನು ತಂಗಿ ಕೈಯಿಂದ ಇಸ್ಕೊಳ್ಳುವುದು ಹೇಗೆ? ಎರಡು ಸಲ ಕವರ್‌ನಲ್ಲಿ ಹಾಕಿ ಕೊಟ್ಟೆ. ಎರಡು ಸಲವೂ ನನ್ನ ಮಗನ ಜೇಬಿಗೆ ವಾಪಸ್ ಬಂತು.

ಈ ಸೆಂಟರ್ ನನಗೆ ಇಷ್ಟವಾಗಿದ್ದು ಇಲ್ಲೇ. ಕೌಂಟರ್‌ನಲ್ಲಿರುವ ಮೇಡಂ ಅಣ್ಣನ ಹೆಸರಲ್ಲಿ ಅಡ್ವಾನ್ಸ್ ಬರೆದುಕೊಳ್ಳುತ್ತಾರೆ, ಮನೆಯವರು ಯಾರು ಬೇಕಾದರೂ ಕಟ್ಟಬಹುದು. ನಾನು ತಿಂಗಳ 3ನೇ ತಾರೀಖು ಎಂಟು ಸಲದ ದುಡ್ಡು ಫೋನಲ್ಲೇ ಹಾಕುತ್ತೇನೆ, ಉಳಿದಿದ್ದು ಅಣ್ಣ ಕಟ್ಟುತ್ತಾನೆ. ರಸೀದಿ ಇಬ್ಬರಿಗೂ ಬೇರೆ ಬೇರೆ. ಕೈಗೆ ಕೈ ತಾಗುವುದಿಲ್ಲ. ಮೊದಲ ತಿಂಗಳು ಅಣ್ಣ ಫೋನ್ ಮಾಡಿ "ನಿನಗ್ಯಾಕೆ ಈ ಉಸಾಬರಿ" ಅಂದ. ಎರಡನೇ ತಿಂಗಳಿಂದ ಏನೂ ಅನ್ನಲಿಲ್ಲ. ಅದು ನನಗೆ ಎಷ್ಟು ಸಮಾಧಾನ ಕೊಟ್ಟಿತು ಅಂತ ಹೇಳಲು ಆಗಲ್ಲ.

ಇನ್ನೊಂದು, ಸೇರುವ ದಿನವೇ ಒಂದು ಹಾಳೆಯಲ್ಲಿ ತಿಂಗಳ ಪೂರ್ತಿ ಖರ್ಚು ಬರೆದು ಕೊಟ್ಟರು. ಡಯಾಲಿಸಿಸ್ ಚಾರ್ಜ್, ಹೊಸ ಡಯಲೈಸರ್ (ರಕ್ತ ಸೋಸುವ ಫಿಲ್ಟರ್) ಹಾಕುವ ದಿನ ಎಷ್ಟು ಜಾಸ್ತಿ, ರಕ್ತ ಕಮ್ಮಿಯಾಗದಂತೆ ಕೊಡುವ ಎರಿತ್ರೊಪೊಯೆಟಿನ್ ಇಂಜೆಕ್ಷನ್, ರಕ್ತಪರೀಕ್ಷೆ, ಕೊನೆಗೆ ಆಟೋ ಖರ್ಚು ಕೂಡ. ಹಿಂದಿನ ಆಸ್ಪತ್ರೆಯಲ್ಲಿ ಈ ಇಂಜೆಕ್ಷನ್ ವಿಷಯ ಬಿಲ್ ನೋಡಿದಾಗಲೇ ಗೊತ್ತಾಗಿದ್ದು. ಡಯಲೈಸರ್ ತೊಳೆದು ಮತ್ತೆ ಬಳಸುತ್ತಾರೆ ಅಂದಾಗ ಅತ್ತಿಗೆ ಹೆದರಿದರು. ಒಬ್ಬರದ್ದು ಅವರಿಗೆ ಮಾತ್ರ, ಮೇಲೆ ಹೆಸರು ಬರೆದಿರುತ್ತೆ ಅಂತ ಟೆಕ್ನಿಷಿಯನ್ ಒಳಗೆ ಕರೆದುಕೊಂಡು ಹೋಗಿ ತೋರಿಸಿದರು. ಎಳನೀರಿನ ವಿಷಯವೂ ಅವರೇ ಹೇಳಿದ್ದು. ನೋಡಲು ಬರುವ ನೆಂಟರೆಲ್ಲ ಎಳನೀರು ತರುತ್ತಾರೆ ಅಲ್ವಾ, ಕಿಡ್ನಿ ಹೋದವರಿಗೆ ಅದರ ಪೊಟ್ಯಾಸಿಯಂ ಹೃದಯಕ್ಕೇ ಅಪಾಯ.

ಮೇಡಂ ಮೊದಲು ಕೇಳಿದ್ದು ರೇಷನ್ ಕಾರ್ಡ್ ಯಾವುದು ಅಂತ. ಬಿಪಿಎಲ್ ಆಗಿದ್ದರೆ ಆಯುಷ್ಮಾನ್ ಭಾರತ್ ಆರೋಗ್ಯ ಕರ್ನಾಟಕದಲ್ಲಿ ಕುಟುಂಬಕ್ಕೆ ವರ್ಷಕ್ಕೆ 5 ಲಕ್ಷದವರೆಗೆ ಸಿಗುತ್ತದೆ, ಮೊದಲು ಸರ್ಕಾರಿ ಆಸ್ಪತ್ರೆಗೆ ಹೋಗಿ, ಇಲ್ಲಿ ಸುಮ್ನೆ ದುಡ್ಡು ಕಟ್ಟಬೇಡಿ ಅಂತ ಅವರೇ ಹೇಳುತ್ತಾರೆ. ನಮ್ಮದು ಎಪಿಎಲ್. ಆ ಕಾರ್ಡಿಗೆ ಸರ್ಕಾರ ಕೊಡುವುದು ಪ್ಯಾಕೇಜ್ ದರದ, ಅಂದರೆ ಯೋಜನೆಯಲ್ಲಿ ಆ ಚಿಕಿತ್ಸೆಗೆ ಗೊತ್ತು ಮಾಡಿರುವ ದರದ 30% ಮಾತ್ರ, ವರ್ಷಕ್ಕೆ 1.5 ಲಕ್ಷದ ಮಿತಿ. ಇನ್ಶೂರೆನ್ಸ್ ಇರುವವರು ಪಾಲಿಸಿ ತಂದು ತೋರಿಸಿ. ಡಯಾಲಿಸಿಸ್ ಡೇ ಕೇರ್‌ನಲ್ಲಿ ಬರುವುದರಿಂದ 24 ಗಂಟೆ ಅಡ್ಮಿಟ್ ಆಗಲೇಬೇಕು ಅಂತಿಲ್ಲ. ಅಣ್ಣ ಪಾಲಿಸಿಯನ್ನೇ ಮಾಡಿಸಿರಲಿಲ್ಲ.

ರಸೀದಿಗಳನ್ನು ಎಸೆಯಬೇಡಿ. ಆದಾಯ ತೆರಿಗೆಯ ಹಳೆ ಪದ್ಧತಿಯಲ್ಲಿ ಕಿಡ್ನಿ ವೈಫಲ್ಯದ ಚಿಕಿತ್ಸೆಯ ಖರ್ಚನ್ನು 40,000 ರೂಪಾಯಿವರೆಗೆ ತೆರಿಗೆ ಹಾಕುವ ಆದಾಯದಿಂದ ಕಳೆಯಬಹುದು, ರೋಗಿಗೆ 60 ದಾಟಿದ್ದರೆ 1 ಲಕ್ಷದವರೆಗೆ. ನಿಮ್ಮನ್ನೇ ನಂಬಿಕೊಂಡಿರುವ ಅಣ್ಣ, ತಮ್ಮ, ಅಕ್ಕ, ತಂಗಿಗೂ ಇದು ಆಗುತ್ತದೆ. ತಜ್ಞ ವೈದ್ಯರ ಚೀಟಿ ಬೇಕು. ನಮ್ಮ ಅಣ್ಣನಿಗೆ ಅವನದೇ ದುಡಿಮೆ ಇರುವುದರಿಂದ ನನಗೆ ಅದು ಸಿಗಲಿಲ್ಲ.

ಕೊರತೆಗಳೂ ಇವೆ. ಕಾಯುವ ಜಾಗ ತುಂಬಾ ಇಕ್ಕಟ್ಟು, ನಾಲ್ಕು ಗಂಟೆ ಅಲ್ಲಿ ಕೂತರೆ ಸೊಂಟ ಹಿಡಿಯುತ್ತೆ. ಜೊತೆಗೆ ಬರುವವರಿಗೆ ಒಂದೇ ಟಾಯ್ಲೆಟ್. ಮಧ್ಯಾಹ್ನದ ಶಿಫ್ಟ್ ಒಂದು ಗಂಟೆಯಾದರೂ ತಡವಾಗುತ್ತದೆ. ಒಳಗೆ ಏಸಿ ಚಳಿ ಜಾಸ್ತಿ, ಹೊದಿಕೆ ತರಲೇಬೇಕು.

ಅಣ್ಣ ಹೋಗುವುದು ಬೆಳಗಿನ 6 ಗಂಟೆ ಶಿಫ್ಟ್‌ಗೆ. ಹತ್ತೂವರೆಗೆ ಮುಗಿಸಿ, ಮನೆಗೆ ಬಂದು ಸ್ವಲ್ಪ ಮಲಗಿ, ಮೂರು ಗಂಟೆಗೆ ಪ್ರೆಸ್‌ಗೆ ಹೋಗುತ್ತಾನೆ. ಮದುವೆ ಸೀಸನ್ ಬಿಟ್ಟರೆ ವರ್ಷದ ದುಡಿಮೆ ಇಲ್ಲ, ಅದಕ್ಕೇ ಆ ಶಿಫ್ಟೇ ಬೇಕು ಅಂತ ಹಟ ಹಿಡಿದ. ನಿಮಗೂ ಅದೇ ಬೇಕಿದ್ದರೆ ಮೊದಲೇ ಹೆಸರು ಬರೆಸಿಡಿ, ನಮಗೆ ಜಾಗ ಸಿಗಲು ಮೂರು ವಾರ ಹಿಡಿಯಿತು.